ಬಂಡಿ ಒಂದು, ಸವಾರರು ಹಲವರು

ನಗರದ ಯಾವುದಾದರೊಂದು ಬಡಾವಣೆಯಲ್ಲಿ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ನಡೆದುಹೋಗುವವರಿಗೆ ಒಂದು ನೋಟ ಕಣ್ಣಿಗೆ ಬೀಳದೆ ಇರದು. ಬೀದಿಯ ಎರಡು ಮಗ್ಗುಲಿನಲ್ಲಿಯೂ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಸಂಜೆ ಅದೇ ಬೀದಿಯಲ್ಲಿ ಮರಳಿ ಬಂದರೆ ಅವುಗಳಲ್ಲಿ ಹಲವು ನಿಂತಲ್ಲಿಯೇ ನಿಂತಿರುವುದು ಕಾಣುತ್ತದೆ. ಕಾರು ಓಡುವುದಕ್ಕೆಂದು ಮಾಡಿದ ಯಂತ್ರ. ಆದರೆ ಅದರ ಆಯುಷ್ಯದ ಬಹುಪಾಲು ಕಳೆಯುವುದು ನಿಲ್ಲುವುದರಲ್ಲಿಯೇ. ವಾಹನ ನಿಲುಗಡೆಯ ಸಮಸ್ಯೆಯನ್ನು ಆಳವಾಗಿ ಅಭ್ಯಾಸಮಾಡಿದ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಷೂಪ್ ಅವರ ಲೆಕ್ಕದಂತೆ ಖಾಸಗಿ ಕಾರೊಂದು ತನ್ನ ಕಾಲದ ನೂರರಲ್ಲಿ ೯೫ ಪಾಲನ್ನು ನಿಂತೇ ಕಳೆಯುತ್ತದೆ. ಎಂದರೆ ದಿನದ ೨೪ ಗಂಟೆಗಳಲ್ಲಿ ಅದು ಓಡುವುದು ಸುಮಾರು ಒಂದು ಗಂಟೆ ಹನ್ನೆರಡು ನಿಮಿಷ ಮಾತ್ರ!

ಹೀಗಿರಲಾಗಿ, ಒಂದೇ ಕಾರನ್ನು ಹತ್ತು ಮನೆಯವರು ಸರದಿಯ ಮೇಲೆ ಬಳಸಬಾರದೇಕೆ? ಕೊಳ್ಳುವ ಬೆಲೆ, ವಿಮೆ, ದುರಸ್ತಿ, ನಿಲ್ಲಿಸುವ ಜಾಗ ಇವೆಲ್ಲವೂ ಹತ್ತು ಪಾಲಾಗಿ ಹಂಚಿಹೋಗುವುದಿಲ್ಲವೇ? ಪ್ರಶ್ನೆ ಸರಳವಾದುದು. ಆದರೆ ನಮ್ಮ ಹಿರಿಯರು ಎರವಲಿನ ಅನುಭವವನ್ನು ಬಹು ಕಾಲದ ಹಿಂದೆಯೇ ಒಂದು ಗಾದೆಯಲ್ಲಿ ಹಿಡಿದಿಟ್ಟಿದ್ದಾರೆ: ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ. ನೆರೆಮನೆಯವರಿಗೆ ಏಣಿಯನ್ನೋ ಗುದ್ದಲಿಯನ್ನೋ ಕೊಡುವಾಗ ನಮಗೆ ಅವರ ಮುಖದ ಪರಿಚಯವಿರುತ್ತದೆ, ಮನೆಯ ಬಾಗಿಲು ತಿಳಿದಿರುತ್ತದೆ. ಅಷ್ಟಿದ್ದೂ ಏಣಿ ಮರಳಿ ಬರುವುದು ತಡವಾಗುತ್ತದೆ. ಹೀಗಿರುವಾಗ ಲಕ್ಷಾಂತರ ರೂಪಾಯಿ ಬೆಲೆಯ, ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಓಡಿಹೋಗಬಲ್ಲ ಯಂತ್ರವನ್ನು ಮುಖವನ್ನೇ ನೋಡದ ಸಾವಿರಾರು ಜನರ ಕೈಗೆ ಒಪ್ಪಿಸುವುದು ಹೇಗೆ?

ಕಾರನ್ನು ಹಂಚಿಕೊಳ್ಳುವ ಸಂಸ್ಥೆಗಳ ಕಥೆ ಈ ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕಿದ ಕಥೆಯೇ ಆಗಿದೆ. ಕಾರು ಈಗ ಎಲ್ಲಿದೆ? ಯಾರ ಕೈಯಲ್ಲಿದೆ? ಹೇಗಿದೆ? ಈ ಮೂರನ್ನು ಕುಳಿತಲ್ಲಿಂದಲೇ ತಿಳಿಯುವ ಉಪಾಯ ದೊರೆಯುವವರೆಗೆ ಹಂಚಿಕೆಯು ಚಿಕ್ಕದಾಗಿಯೇ ಉಳಿಯಿತು. ದೊರೆತ ಮೇಲೆ ಲೋಕವನ್ನೆಲ್ಲ ಹಬ್ಬಿತು. ಆದರೆ ಅದೇ ಉಪಾಯವು ಒಂದು ಹೊಸ ಚಿಂತೆಯನ್ನೂ ತಂದಿತು.

ಮೊದಲ ಹೆಜ್ಜೆಗಳು

ಎರಡನೆಯ ಮಹಾಯುದ್ಧ ಮುಗಿದ ಮೂರು ವರ್ಷಗಳ ಮೇಲೆ, ೧೯೪೮ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಸೆಫಾಗೆ ಎಂಬ ಸಹಕಾರ ಸಂಘವೊಂದು ಹುಟ್ಟಿತು. ಸ್ವಂತ ಕಾರು ಕೊಳ್ಳಲು ಶಕ್ತಿಯಿಲ್ಲದವರು ಕೂಡಿ ಕಾರನ್ನು ಇಟ್ಟುಕೊಂಡು ಸರದಿಯ ಮೇಲೆ ನಡೆಸುವುದು ಅದರ ಉದ್ದೇಶ. ಈ ಸಂಘವು ೧೯೯೮ರವರೆಗೆ, ಎಂದರೆ ಅರ್ಧ ಶತಮಾನ ಕಾಲ, ಬಾಳಿತು. ಅಷ್ಟು ಕಾಲ ಬಾಳಿದರೂ ಅದು ಬೃಹತ್ತಾಗಿ ಬೆಳೆಯಲಿಲ್ಲ. ಮುಖಪರಿಚಯವನ್ನೇ ನಂಬಿದ ಏರ್ಪಾಟು ಮುಖಪರಿಚಯ ಇರುವಷ್ಟು ದೂರ ಮಾತ್ರ ಹೋಗಬಲ್ಲುದು.

ಪರಿಚಯದ ಸ್ಥಾನದಲ್ಲಿ ಯಂತ್ರವನ್ನು ನಿಲ್ಲಿಸುವ ಪ್ರಯತ್ನ ೧೯೭೧ರಲ್ಲಿ ಫ್ರಾನ್ಸಿನ ಮೊಂಪೆಲ್ಯೇ ನಗರದಲ್ಲಿ ನಡೆಯಿತು. ಪ್ರೊಕೋಟಿಪ್ ಎಂಬ ಆ ಯೋಜನೆಯ ಕಾರುಗಳಲ್ಲಿ ಬಿಲ್ಲೆಗಳನ್ನು ಹಾಕಿ ಓಡಿಸುವ ಮಾಪಕವನ್ನು ಇಟ್ಟಿದ್ದರು. ಆದರೆ ಆ ಮಾಪಕಕ್ಕೆ ಬಿಲ್ಲೆ ಗೊತ್ತಿತ್ತೇ ಹೊರತು ಬಿಲ್ಲೆ ಹಾಕಿದವನು ಗೊತ್ತಿರಲಿಲ್ಲ. ಎರಡೇ ವರ್ಷಗಳಲ್ಲಿ ಯೋಜನೆ ಮುಚ್ಚಿಹೋಯಿತು.

ಇದಕ್ಕಿಂತ ಸೊಗಸಾದುದು ಆಮ್‌ಸ್ಟರ್‌ಡಾಮಿನ ಪ್ರಯೋಗ. ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್ ಎಂಬ ಡಚ್ ವಿನ್ಯಾಸಕಾರರು ೧೯೭೪ರಲ್ಲಿ ವಿಟ್‌ಕಾರ್, ಎಂದರೆ ಬಿಳಿಯ ಬಂಡಿ, ಎಂಬ ಮೂರು ಚಕ್ರದ, ಇಬ್ಬರು ಕೂಡಬಹುದಾದ ವಿದ್ಯುತ್ ಬಂಡಿಗಳನ್ನು ಬೀದಿಗಿಳಿಸಿದರು. ಸದಸ್ಯನು ನಿಲ್ದಾಣಕ್ಕೆ ಬಂದು ಕಾಂತದ ಕೀಲಿಯನ್ನು ಒಡ್ಡಿ, ತಾನು ತಲಪಬೇಕಾದ ನಿಲ್ದಾಣದ ಅಂಕಿಯನ್ನು ತಿರುಗಿಸಬೇಕು. ಕೇಂದ್ರದಲ್ಲಿರುವ ಗಣಕಯಂತ್ರವು ಆ ನಿಲ್ದಾಣದಲ್ಲಿ ಬಂಡಿ ನಿಲ್ಲಲು ಎಡೆಯಿದೆಯೇ ಎಂದು ನೋಡಿ ಅಪ್ಪಣೆ ಕೊಡುತ್ತಿತ್ತು. ಇಂದಿನ ಏರ್ಪಾಟಿನ ಬೀಜವೆಲ್ಲ ಇದರಲ್ಲಿತ್ತೆಂದು ಹೇಳಬಹುದು. ಆದರೆ ಯೋಚಿಸಿದ್ದ ನಿಲ್ದಾಣಗಳಲ್ಲಿ ಐದು ಮಾತ್ರ ಕಟ್ಟಲ್ಪಟ್ಟವು. ಬಂಡಿಗಳು ಒಂದು ನಿಲ್ದಾಣದಲ್ಲಿ ಕಿಕ್ಕಿರಿದು ಮತ್ತೊಂದು ಬರಿದಾಗುತ್ತಿತ್ತು. ನಿಲ್ದಾಣವನ್ನು ಬಿಟ್ಟು ದಾರಿ ಹಿಡಿದ ಬಂಡಿಯ ಬೆನ್ನುಹತ್ತಿ ನೋಡುವ ಸಾಧನವು ಆಗ ಯಾರ ಬಳಿಯೂ ಇರಲಿಲ್ಲ. ೧೯೮೬ರಲ್ಲಿ ವಿಟ್‌ಕಾರ್ ನಿಂತುಹೋಯಿತು.

ಅದರ ಮರುವರ್ಷವೇ ಸ್ವಿಟ್ಜರ್ಲೆಂಡಿನಲ್ಲಿ ಎರಡು ಸಹಕಾರ ಸಂಘಗಳೂ, ೧೯೮೮ರಲ್ಲಿ ಬರ್ಲಿನ್ನಿನಲ್ಲಿ ಸ್ಟಾಟ್‌ಆಟೋ ಎಂಬ ಸಂಸ್ಥೆಯೂ ಹುಟ್ಟಿದವು. ಇವುಗಳ ಕ್ರಮ ತೀರ ಸಾದಾ. ನಿಲುಗಡೆಯ ಪಕ್ಕದಲ್ಲಿ ಗೋಡೆಗೆ ಬಿಗಿದ ಒಂದು ಉಕ್ಕಿನ ಪೆಟ್ಟಿಗೆ, ಅದರೊಳಗೆ ಕಾರುಗಳ ಕೀಲಿಕೈಗಳು. ಸದಸ್ಯನು ದೂರವಾಣಿಯಲ್ಲಿ ಹೇಳಿ ಕಾರನ್ನು ಕಾದಿರಿಸುವುದು, ಪೆಟ್ಟಿಗೆ ತೆರೆದು ಕೀಲಿಕೈ ತೆಗೆದುಕೊಳ್ಳುವುದು, ಓಡಿಸಿದ ದೂರವನ್ನು ಕಾರಿನಲ್ಲಿರುವ ಪುಸ್ತಕದಲ್ಲಿ ತಾನೇ ಬರೆದಿಡುವುದು. ಸ್ವಿಟ್ಜರ್ಲೆಂಡಿನ ಆ ಎರಡು ಸಂಘಗಳು ೧೯೯೭ರಲ್ಲಿ ಒಂದಾಗಿ ಮೊಬಿಲಿಟಿ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿವೆ. ಆದರೆ ಸದಸ್ಯರು ಹೆಚ್ಚಿದಂತೆಲ್ಲ ಪುಸ್ತಕವನ್ನೂ ಪೆಟ್ಟಿಗೆಯನ್ನೂ ಕಾಯುವ ಕೆಲಸ ಹೆಚ್ಚುತ್ತಲೇ ಹೋಗುತ್ತದೆ. ಬರೆದುದು ನಿಜವೇ ಎಂದು ನೋಡುವವರು ಯಾರು? ಸಮಯಕ್ಕೆ ಬಾರದ ಕಾರನ್ನು ಎಲ್ಲಿ ಹುಡುಕುವುದು? ಇದಕ್ಕೆ ಉತ್ತರ ಆಕಾಶದಿಂದ ಬರಬೇಕಾಗಿತ್ತು.

ಗಡಿಯಾರವೇ ಅಳತೆಗೋಲು

ರಷ್ಯನರು ೧೯೫೭ರಲ್ಲಿ ಮೊತ್ತಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ಕನ್ನು ಹಾರಿಸಿದಾಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ತರುಣ ಭೌತವಿಜ್ಞಾನಿಗಳು ಅದರ ಸಂಕೇತಗಳನ್ನು ಕೇಳುತ್ತ ಕುಳಿತರು. ಹತ್ತಿರ ಬರುವ ರೈಲಿನ ಸೀಟಿಯ ಸ್ವರ ಏರಿದಂತೆ, ದೂರ ಸರಿಯುವಾಗ ಇಳಿದಂತೆ, ಉಪಗ್ರಹದ ರೇಡಿಯೋ ಸ್ವರವೂ ಏರಿಳಿಯುವುದನ್ನು ಅಳೆದು ಅದರ ಪಥವನ್ನು ಲೆಕ್ಕಹಾಕಿದರು. ಆಗ ಮತ್ತೊಂದು ಪ್ರಶ್ನೆ ಎದ್ದಿತು: ನೆಲದ ಮೇಲೆ ನಿಂತು ಉಪಗ್ರಹದ ನೆಲೆಯನ್ನು ಕಾಣಬಹುದಾದರೆ, ಉಪಗ್ರಹದ ನೆಲೆ ತಿಳಿದಿರುವಾಗ ನೆಲದ ಮೇಲಿನ ನಮ್ಮ ನೆಲೆಯನ್ನೂ ಕಾಣಬಹುದಲ್ಲವೇ? ಈ ಯೋಚನೆಯಿಂದ ಹಡಗುಗಳಿಗೆ ದಾರಿ ತೋರುವ ಉಪಗ್ರಹಗಳು ಮೊದಲು ಬಂದವು. ೧೯೭೮ರಿಂದ ಈಚೆಗೆ ಜಿ.ಪಿ.ಎಸ್. ಎಂಬ ಏರ್ಪಾಟಿನ ಉಪಗ್ರಹಗಳು ಬೇರೊಂದು ವಿಧಾನದೊಡನೆ ಹಾರತೊಡಗಿದವು. ೧೯೯೫ರಲ್ಲಿ ಆ ಏರ್ಪಾಟು ಪೂರ್ಣವಾಯಿತು.

ಈ ವಿಧಾನದ ತಿರುಳು ಸಿಡಿಲನ್ನು ಕಂಡವರಿಗೆಲ್ಲ ಪರಿಚಿತವಾದುದೇ. ಮಿಂಚು ಕಂಡ ಒಡನೆ ಎಣಿಸತೊಡಗಿ ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡು ಕಳೆಯಿತೆಂದು ನೋಡಿದರೆ ಸಿಡಿಲೆರಗಿದ ಸ್ಥಳ ಎಷ್ಟು ದೂರವೆಂದು ಹೇಳಬಹುದು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಕಾಲವನ್ನು ಅಳೆದರೆ ದೂರವು ತಾನಾಗಿ ದೊರೆಯಿತು. ಜಿ.ಪಿ.ಎಸ್. ಉಪಗ್ರಹವು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಹಾರುತ್ತ ಎಡೆಬಿಡದೆ ರೇಡಿಯೋ ಸಂಕೇತವನ್ನು ಕಳುಹಿಸುತ್ತಿರುತ್ತದೆ. ಅಂಚೆಯ ಕಾಗದದ ಮೇಲೆ ಹೊರಟ ಊರಿನ ಮುದ್ರೆಯೂ ತಾರೀಖೂ ಇರುವಂತೆ, ಆ ಸಂಕೇತದಲ್ಲಿ ಉಪಗ್ರಹದ ನೆಲೆಯೂ ಸಂಕೇತ ಹೊರಟ ಕ್ಷಣವೂ ಅಡಗಿರುತ್ತವೆ. ಕಾರಿನೊಳಗಿನ ಗ್ರಾಹಕವು ಸಂಕೇತ ಬಂದು ಮುಟ್ಟಿದ ಕ್ಷಣವನ್ನು ನೋಡಿ, ಎರಡರ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಬಂದಿತು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಹೋಗುವುದರಿಂದ, ನೆತ್ತಿಯ ಮೇಲಿರುವ ಉಪಗ್ರಹದ ಸಂಕೇತವು ನಮ್ಮನ್ನು ಮುಟ್ಟಲು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲಿನಷ್ಟು ಹೊತ್ತು ಸಾಕು.

ಒಂದು ಉಪಗ್ರಹದಿಂದ ಇರುವ ದೂರ ತಿಳಿದರೆ ನಾವು ಅದನ್ನು ಕೇಂದ್ರವಾಗುಳ್ಳ ಒಂದು ಗೋಲದ ಮೈಮೇಲೆ ಎಲ್ಲಿಯೋ ಇದ್ದೇವೆಂದು ಅರ್ಥ. ಎರಡು ಗೋಲಗಳು ಒಂದನ್ನೊಂದು ವೃತ್ತದಲ್ಲಿ ಕತ್ತರಿಸುತ್ತವೆ. ಮೂರನೆಯ ಗೋಲವು ಆ ವೃತ್ತವನ್ನು ಎರಡೇ ಬಿಂದುಗಳಲ್ಲಿ ಕತ್ತರಿಸುತ್ತದೆ. ಅವುಗಳಲ್ಲಿ ಒಂದು ಬಾಹ್ಯಾಕಾಶದಲ್ಲೆಲ್ಲೋ ಬೀಳುವುದರಿಂದ ಅದನ್ನು ಬಿಟ್ಟುಬಿಡಬಹುದು. ಉಳಿದುದೇ ನಮ್ಮ ನೆಲೆ. ಹಾಗಾದರೆ ಮೂರು ಉಪಗ್ರಹಗಳು ಸಾಕಲ್ಲವೇ? ಸಾಲವು. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ಕಾರಿನಲ್ಲಿರುವುದು ಅಗ್ಗದ ಸ್ಫಟಿಕ ಗಡಿಯಾರ. ಅದು ಸೆಕೆಂಡಿನ ದಶಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ ೩೦೦ ಮೀಟರು ತಪ್ಪುತ್ತದೆ. ಆದರೆ ಈ ತಪ್ಪು ಎಲ್ಲ ಉಪಗ್ರಹಗಳ ಲೆಕ್ಕದಲ್ಲಿಯೂ ಒಂದೇ ಪ್ರಮಾಣದಲ್ಲಿರುತ್ತದೆ. ಆದುದರಿಂದ ನಾಲ್ಕನೆಯ ಉಪಗ್ರಹವನ್ನು ಸೇರಿಸಿಕೊಂಡು, ನಾಲ್ಕು ಗೋಲಗಳೂ ಒಂದೇ ಬಿಂದುವಿನಲ್ಲಿ ಕೂಡುವವರೆಗೆ ಗ್ರಾಹಕವು ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಕಾಲ ಎಂಬ ನಾಲ್ಕು ಅವ್ಯಕ್ತಗಳು; ಅವಕ್ಕೆ ನಾಲ್ಕು ಸಮೀಕರಣಗಳು. ಬೀಜಗಣಿತವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ವಾದವೂ ಕೆಲಸಕ್ಕೆ ಬರುವುದು ಸೋಜಿಗದ ಸಂಗತಿ. ವೇಗವಾಗಿ ಚಲಿಸುವ ಗಡಿಯಾರವು ನಿಧಾನವಾಗುತ್ತದೆ. ಇದರಿಂದ ಉಪಗ್ರಹದ ಗಡಿಯಾರ ದಿನಕ್ಕೆ ೭ ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ. ಗುರುತ್ವ ಕಡಮೆಯಿರುವಲ್ಲಿ ಗಡಿಯಾರವು ಬೇಗ ನಡೆಯುತ್ತದೆ; ಇದರಿಂದ ದಿನಕ್ಕೆ ೪೫ ಮೈಕ್ರೋಸೆಕೆಂಡು ಮುಂದೆ ಹೋಗುತ್ತದೆ. ಉಳಿಯುವ ವ್ಯತ್ಯಾಸ ೩೮ ಮೈಕ್ರೋಸೆಕೆಂಡು. ಇದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ಒಂದು ದಿನಕ್ಕೆ ೧೧ ಕಿಲೋಮೀಟರಿನಷ್ಟು ತಪ್ಪು ಕೂಡಿಬರುತ್ತಿತ್ತು.

ಜಿ.ಪಿ.ಎಸ್. ಅಮೆರಿಕದ ಸೇನೆಯ ಸ್ವತ್ತು. ಸಾರ್ವಜನಿಕರಿಗೆ ದೊರೆಯುವ ಸಂಕೇತದಲ್ಲಿ ಮೊದಲು ಬೇಕೆಂದೇ ತಪ್ಪನ್ನು ಬೆರಸುತ್ತಿದ್ದರು. ಆದುದರಿಂದ ನೆಲೆಯು ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿತ್ತು. ನೂರು ಮೀಟರೆಂದರೆ ಪಕ್ಕದ ಬೀದಿ! ೨೦೦೦ದ ಮೇ ತಿಂಗಳ ಮೊದಲಲ್ಲಿ ಈ ಬೆರಕೆಯನ್ನು ನಿಲ್ಲಿಸಿದರು. ಬೀದಿಯಲ್ಲಿ ನಿಂತ ಒಂದು ಕಾರನ್ನು ಗುರುತಿಸುವುದು ಆಗ ಸಾಮಾನ್ಯ ಗ್ರಾಹಕಕ್ಕೂ ಸಾಧ್ಯವಾಯಿತು. ಇಂದು ರಷ್ಯ, ಯೂರೋಪು, ಚೀನಗಳಿಗೂ ಇಂಥ ಉಪಗ್ರಹಮಾಲೆಗಳಿವೆ. ಭಾರತದ ನಾವಿಕ್ ಎಂಬ ಏರ್ಪಾಟಿನ ಕೇಂದ್ರವು ೨೦೧೩ರಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಆರಂಭವಾಯಿತು. ಅದರ ಮೊದಲ ಉಪಗ್ರಹದಲ್ಲಿದ್ದ ಮೂರು ಪರಮಾಣು ಗಡಿಯಾರಗಳೂ ೨೦೧೬ರಲ್ಲಿ ಕೆಟ್ಟುಹೋದವು. ಗಡಿಯಾರವಿಲ್ಲದ ಮೇಲೆ ಅದು ನೆಲೆಯನ್ನು ತಿಳಿಸುವ ಕೆಲಸಕ್ಕೆ ಬಾರದಂತಾಯಿತು. ಭಾರತದಲ್ಲಿಯೇ ತಯಾರಾದ ಗಡಿಯಾರವು ೨೦೨೩ರಲ್ಲಿ ಮತ್ತೊಂದು ಉಪಗ್ರಹದೊಡನೆ ಮೇಲಕ್ಕೆ ಹೋಯಿತು.

ಕಾರಿನೊಳಗಿನ ಪುಟ್ಟ ಪೆಟ್ಟಿಗೆ

ನೆಲೆಯನ್ನು ಕಾರು ತಿಳಿದರೆ ಸಾಲದು. ಅದನ್ನು ಕೇಂದ್ರಕ್ಕೆ ತಿಳಿಸಬೇಕು. ಉಪಗ್ರಹವು ಕಾರನ್ನು ನೋಡುತ್ತಿದೆಯೆಂದು ಅನೇಕರು ಭಾವಿಸುವುದುಂಟು. ಇದು ತಪ್ಪು. ಉಪಗ್ರಹವು ಸಾರುತ್ತದೆ ಅಷ್ಟೆ. ಯಾರು ಕೇಳಿದರೆಂದು ಅದಕ್ಕೆ ತಿಳಿಯದು. ಕಾರಿನ ನೆಲೆಯನ್ನು ಹೊರಗೆ ತಿಳಿಸುವುದು ಕಾರಿನೊಳಗಿರುವ ಒಂದು ಪುಟ್ಟ ಪೆಟ್ಟಿಗೆ. ಅದರಲ್ಲಿ ಉಪಗ್ರಹದ ಸಂಕೇತವನ್ನು ಹಿಡಿಯುವ ಗ್ರಾಹಕವೊಂದು, ಮೊಬೈಲ್ ಫೋನಿನಲ್ಲಿರುವಂಥ ಪ್ರೇಷಕವೊಂದು, ಬಾಗಿಲಿನ ಬೀಗಕ್ಕೂ ಎಂಜಿನ್ನಿಗೂ ಸಂಬಂಧ ಕಲ್ಪಿಸುವ ತಂತಿಗಳು ಇರುತ್ತವೆ.

ಈ ತಂತಿಗಳ ವಿಷಯವಾಗಿ ಒಂದು ಮಾತು. ಇಂದಿನ ಕಾರಿನಲ್ಲಿ ಎಂಜಿನ್ನು, ತಡೆ, ದೀಪ, ಬಾಗಿಲು ಮುಂತಾದ ಒಂದೊಂದು ಅಂಗಕ್ಕೂ ಚಿಕ್ಕದೊಂದು ಗಣಕವಿದೆ. ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿ ಎಳೆದರೆ ಕಾರಿನ ತುಂಬ ತಂತಿಯೇ ಆಗುತ್ತದೆ. ಜರ್ಮನಿಯ ಬಾಷ್ ಸಂಸ್ಥೆಯವರು ೧೯೮೩ರಲ್ಲಿ ಕೆಲಸಕ್ಕೆ ತೊಡಗಿ ೧೯೮೬ರಲ್ಲಿ ಪ್ರಕಟಿಸಿದ ‘ಕ್ಯಾನ್’ ಎಂಬ ಏರ್ಪಾಟಿನಲ್ಲಿ ಎಲ್ಲ ಗಣಕಗಳೂ ಒಂದೇ ಜೋಡಿ ತಂತಿಯ ಮೇಲೆ, ಊರ ಚಾವಡಿಯಲ್ಲಿ ಎಲ್ಲರಿಗೂ ಕೇಳುವಂತೆ ಮಾತಾಡುವ ಹಾಗೆ, ಸರದಿಯರಿತು ಸಂದೇಶ ಕೊಡುತ್ತವೆ. ನಮ್ಮ ಪುಟ್ಟ ಪೆಟ್ಟಿಗೆಯು ಈ ಚಾವಡಿಯಲ್ಲಿ ಒಂದು ಮೂಲೆಗೆ ಕುಳಿತು ಕೇಳಿಸಿಕೊಂಡರೆ ಸಾಕು: ಎಷ್ಟು ಕಿಲೋಮೀಟರು ಓಡಿತು, ತೊಟ್ಟಿಯಲ್ಲಿ ಎಷ್ಟು ಎಣ್ಣೆಯಿದೆ, ವೇಗವೆಷ್ಟು, ಬಾಗಿಲು ಹಾಕಿದೆಯೇ, ಎಲ್ಲವೂ ತಿಳಿಯುತ್ತವೆ.

ಇನ್ನು ಕಾರು ಬೇಕಾದವನು ಮಾಡುವುದೇನು? ಅವನು ಮೊದಲು ತನ್ನ ಚಾಲನಾ ಪರವಾನಗಿಯನ್ನು ತೋರಿಸಿ ಸದಸ್ಯನಾಗಿರಬೇಕು. ಬಳಿಕ ಮೊಬೈಲ್ ಫೋನಿನಲ್ಲಿ ಊರಿನ ನಕ್ಷೆಯನ್ನು ತೆರೆದರೆ ಹತ್ತಿರದಲ್ಲಿ ಬಿಡುವಾಗಿರುವ ಕಾರುಗಳು ಚುಕ್ಕೆಗಳಾಗಿ ಕಾಣುತ್ತವೆ. ಒಂದನ್ನು ಆರಿಸಿಕೊಂಡ ಒಡನೆ ಕೇಂದ್ರವು ಆ ಕಾರಿಗೆ ಸಂದೇಶ ಕಳುಹಿಸುತ್ತದೆ: ಇಂಥ ಸದಸ್ಯನಿಗೆ, ಇಂಥ ಹೊತ್ತಿನಿಂದ ಬಾಗಿಲು ತೆರೆ. ಸದಸ್ಯನು ಕಾರಿನ ಬಳಿ ನಿಂತು ಫೋನನ್ನು ಒತ್ತಿದರೆ, ಅಥವಾ ಗಾಜಿನ ಹಿಂದಿರುವ ಗ್ರಾಹಕಕ್ಕೆ ತನ್ನ ಬಿಲ್ಲೆಯನ್ನು ಹಿಡಿದರೆ, ಬೀಗ ಬಿಡುತ್ತದೆ. ಅವನು ಕಾರನ್ನು ನಿಲ್ಲಿಸಿ ಬಾಗಿಲು ಹಾಕಿದಾಗ ಓಡಿದ ಕಾಲವೂ ದೂರವೂ ಕೇಂದ್ರವನ್ನು ಸೇರಿ ಬಾಡಿಗೆಯ ಲೆಕ್ಕ ತಾನಾಗಿ ಆಗುತ್ತದೆ. ಕೀಲಿಕೈಯ ಪೆಟ್ಟಿಗೆಯಿಲ್ಲ, ಬರೆದಿಡುವ ಪುಸ್ತಕವಿಲ್ಲ, ಕಾವಲುಗಾರನಿಲ್ಲ.

ಲೋಕದ ಉದ್ದಗಲಕ್ಕೆ

ನೆಲೆಯ ಸಂಕೇತದಲ್ಲಿ ಬೆರಕೆ ನಿಂತ ೨೦೦೦ದಲ್ಲಿಯೇ ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿ ರಾಬಿನ್ ಚೇಸ್ ಮತ್ತು ಆಂಟ್ಯೆ ಡೇನಿಯಲ್‌ಸನ್ ಎಂಬ ಇಬ್ಬರು ಮಹಿಳೆಯರು ಜಿಪ್‌ಕಾರ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕಾರುಗಳನ್ನು ತೆಗೆದುಕೊಂಡ ಸ್ಥಳಕ್ಕೇ ಮರಳಿ ತಂದು ನಿಲ್ಲಿಸಬೇಕಾಗಿತ್ತು. ಈ ಕಟ್ಟನ್ನೂ ಬಿಡಿಸಿದುದು ೨೦೦೮ರಲ್ಲಿ ಜರ್ಮನಿಯ ಡೈಮ್ಲರ್ ಸಂಸ್ಥೆ ಪ್ರಯೋಗಾರ್ಥವಾಗಿ ತೊಡಗಿದ ಕಾರ್‌ಟುಗೋ. ನಗರದ ಗೊತ್ತಾದ ಎಲ್ಲೆಯೊಳಗೆ ಎಲ್ಲಿ ಬೇಕಾದರೂ ಕಾರನ್ನು ಬಿಟ್ಟುಹೋಗಬಹುದು. ಮುಂದಿನವನು ಅದನ್ನು ನಕ್ಷೆಯಲ್ಲಿ ಕಂಡುಕೊಳ್ಳುತ್ತಾನೆ. ಕಾರು ತಾನಿರುವ ಎಡೆಯನ್ನು ತಾನೇ ಹೇಳದಿದ್ದರೆ ಇದು ಕನಸಿನ ಮಾತೇ ಸರಿ. ಈ ಪ್ರಯೋಗ ನಡೆದ ಊರು ಉಲ್ಮ್. ೧೮೭೯ರಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಹುಟ್ಟಿದ ಊರೂ ಅದೇ!

ಬೆಳವಣಿಗೆಯ ವೇಗವನ್ನು ಅಂಕಿಗಳಲ್ಲಿ ಕಾಣಬಹುದು. ಈ ವಿಷಯವನ್ನು ಬಹುಕಾಲದಿಂದ ಅಭ್ಯಾಸಮಾಡುತ್ತ ಬಂದಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸೂಸನ್ ಶಾಹೀನ್ ಮತ್ತು ಸಂಗಡಿಗರ ಗಣನೆಯಂತೆ ೨೦೦೬ರಲ್ಲಿ ಜಗತ್ತಿನಲ್ಲಿ ಸುಮಾರು ೩,೪೮,೦೦೦ ಸದಸ್ಯರು ೧೧,೭೦೦ ಕಾರುಗಳನ್ನು ಹಂಚಿಕೊಂಡಿದ್ದರು. ೨೦೧೪ರಲ್ಲಿ ಸದಸ್ಯರು ೪೮ ಲಕ್ಷಕ್ಕೂ ಕಾರುಗಳು ೧,೦೪,೦೦೦ಕ್ಕೂ ಏರಿದವು. ೨೦೧೮ರ ಹೊತ್ತಿಗೆ ೪೭ ದೇಶಗಳಲ್ಲಿ ೩ ಕೋಟಿ ೨೦ ಲಕ್ಷ ಸದಸ್ಯರೂ ೧,೯೮,೦೦೦ ಕಾರುಗಳೂ ಇದ್ದವು. ಮಾಸ್ಕೋ ನಗರದಲ್ಲಿ ೨೦೧೫ರಲ್ಲಿ ತೊಡಗಿದ ಈ ಸೇವೆಯು ೨೦೧೯ರ ವೇಳೆಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಕಾರುಗಳಷ್ಟು ಬೆಳೆಯಿತು. ನಮ್ಮ ಬೆಂಗಳೂರಿನಲ್ಲಿ ೨೦೧೩ರಲ್ಲಿ ಝೂಮ್‌ಕಾರ್ ಸಂಸ್ಥೆಯು ಏಳು ಕಾರುಗಳೊಡನೆ ಆರಂಭವಾಗಿ, ಮುಂದೆ ಸ್ವಂತ ಕಾರುಳ್ಳವರೇ ತಮ್ಮ ಬಿಡುವಿನ ಕಾರನ್ನು ಇತರರಿಗೆ ಬಾಡಿಗೆಗೆ ಕೊಡುವ ಕ್ರಮಕ್ಕೆ ತಿರುಗಿತು. ಹೀಗೆ ಸಂಸ್ಥೆಯ ಕಾರೇ ಆಗಬೇಕೆಂದಿಲ್ಲ. ಪುಟ್ಟ ಪೆಟ್ಟಿಗೆಯನ್ನು ಕೂಡಿಸಿದರೆ ಯಾರ ಕಾರೂ ಹಂಚಿಕೆಯ ಕಾರಾಗಬಹುದು.

ಇದರಿಂದ ಬೀದಿಯ ಕಾರುಗಳು ಕಡಮೆಯಾದವೇ? ಉತ್ತರ ಅಮೆರಿಕದಲ್ಲಿ ೨೦೧೦ರ ಸುಮಾರಿಗೆ ನಡೆದ ಅಧ್ಯಯನವೊಂದು, ಹಂಚಿಕೆಯ ಒಂದು ಕಾರು ೯ರಿಂದ ೧೩ ಖಾಸಗಿ ಕಾರುಗಳ ಸ್ಥಾನವನ್ನು ತುಂಬುತ್ತದೆಂದು ಅಂದಾಜುಮಾಡಿತು. ಇರುವ ಕಾರನ್ನು ಮಾರಿದವರೂ, ಕೊಳ್ಳಬೇಕೆಂದಿದ್ದುದನ್ನು ಕೈಬಿಟ್ಟವರೂ ಇದರಲ್ಲಿ ಸೇರಿದ್ದಾರೆ. ಆದರೆ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಹೋಗುತ್ತಿದ್ದವರು ಕಾರು ಸುಲಭವಾಗಿ ಸಿಕ್ಕಿತೆಂದು ಕಾರು ಹತ್ತುವುದೂ ಉಂಟು. ಆದುದರಿಂದ ಲಾಭವು ಊರಿನಿಂದ ಊರಿಗೆ ಬೇರೆಯಾಗುತ್ತದೆ.

ಪೆಟ್ಟಿಗೆಯು ಸೋಲುವ ಎಡೆಗಳು

ಇಂಥ ಸಾಧನವೂ ಸೋಲುವುದುಂಟು. ಎತ್ತರದ ಕಟ್ಟಡಗಳ ನಡುವಿನ ಬೀದಿಯಲ್ಲಿ ಸಂಕೇತವು ಗೋಡೆಗೆ ತಾಗಿ ಪುಟಿದು ಬಳಸುದಾರಿಯಲ್ಲಿ ಬರುವುದರಿಂದ ದೂರವು ಹೆಚ್ಚಾಗಿ ತೋರುತ್ತದೆ. ಈ ಬೀದಿಯ ಕಾರು ಆ ಬೀದಿಯಲ್ಲಿ ಕಾಣಿಸುತ್ತದೆ. ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ಉಪಗ್ರಹದ ಸಂಕೇತವೂ ಇಲ್ಲ, ಅನೇಕ ವೇಳೆ ಫೋನಿನ ಸಂಪರ್ಕವೂ ಇಲ್ಲ. ೨೦೨೦ರಲ್ಲಿ ಕ್ಯಾಲಿಫೋರ್ನಿಯದ ಒಂದು ಗ್ರಾಮಾಂತರ ಪ್ರದೇಶಕ್ಕೆ ಹಂಚಿಕೆಯ ಕಾರಿನಲ್ಲಿ ಹೋದ ಪತ್ರಿಕಾ ಬರಹಗಾರ್ತಿಯೊಬ್ಬರ ಪ್ರಸಂಗ ಪ್ರಸಿದ್ಧವಾಗಿದೆ. ಕಾರನ್ನು ನಿಲ್ಲಿಸಿದ ಸ್ಥಳದಲ್ಲಿ ಫೋನಿನ ಸಂಪರ್ಕ ಇರಲಿಲ್ಲ. ಕೇಂದ್ರದ ಅಪ್ಪಣೆ ಬಾರದೆ ಕಾರು ಹೊರಡಲೊಲ್ಲದು; ಅಪ್ಪಣೆ ಬರಲು ದಾರಿಯಿಲ್ಲ. ಯಾವ ಕೊರತೆಯೂ ಇಲ್ಲದ ಕಾರು ಗಂಟೆಗಟ್ಟಲೆ ನಿಂತಲ್ಲಿಯೇ ನಿಂತಿತು! ಇಂಥ ಕಷ್ಟವನ್ನು ತಪ್ಪಿಸಲು, ಕಾದಿರಿಸಿದ ವಿವರವನ್ನು ಮುಂಚಿತವಾಗಿಯೇ ಕಾರಿನ ನೆನಪಿನಲ್ಲಿ ತುಂಬಿಡುವುದು, ಕೆಲವು ಅಡಿಗಳಷ್ಟೇ ದೂರ ಹೋಗುವ ಬ್ಲೂಟೂತ್ ಎಂಬ ಕಿರು ರೇಡಿಯೋ ಮೂಲಕ ಫೋನೇ ನೇರವಾಗಿ ಕಾರಿನೊಡನೆ ಮಾತಾಡುವಂತೆ ಮಾಡುವುದು, ಈ ಮೊದಲಾದ ಉಪಾಯಗಳನ್ನು ಹೂಡಿದ್ದಾರೆ.

ಮನುಷ್ಯರ ಜಾಣತನವೂ ಸಾಧನವನ್ನು ಪರೀಕ್ಷಿಸುತ್ತದೆ. ೨೦೧೯ರ ಏಪ್ರಿಲಿನಲ್ಲಿ ಷಿಕಾಗೋ ನಗರದಲ್ಲಿ ಕಾರ್‌ಟುಗೋ ಸಂಸ್ಥೆಯ ಸುಮಾರು ನೂರು ಕಾರುಗಳು ಮೋಸದಿಂದ ಕಳುವಾದವು. ಬಾಗಿಲು ಒಡೆಯಲಿಲ್ಲ, ಕೀಲಿ ಮುರಿಯಲಿಲ್ಲ. ಫೋನಿನ ಮೂಲಕ ನಡೆಸಿದ ವಂಚನೆಗೆ ಬೀಗ ತಾನಾಗಿ ತೆರೆಯಿತು. ಸಂಸ್ಥೆಯು ಆ ಊರಿನಲ್ಲಿ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಕಾರುಗಳು ತಾವಿರುವ ಎಡೆಯನ್ನು ಹೇಳುತ್ತಿದ್ದುದರಿಂದಲೇ ಅವುಗಳನ್ನು ಹುಡುಕುವ ಕೆಲಸ ಸುಲಭವಾಯಿತು. ಎಲ್ಲಿದೆ ಎಂಬುದಕ್ಕೆ ಉತ್ತರ ಸಿಕ್ಕಿತು. ಸೋತುದು ಯಾರು ಎಂಬ ಪ್ರಶ್ನೆಯಲ್ಲಿ. ಜಪಾನಿನ ಸಂಗತಿ ಇದಕ್ಕಿಂತ ವಿನೋದಕರ. ಅಲ್ಲಿನ ಸಂಸ್ಥೆಗಳು ತಮ್ಮ ದಾಖಲೆಗಳನ್ನು ನೋಡಿದಾಗ ಕೆಲವು ಕಾರುಗಳು ಬಾಡಿಗೆಗೆ ಹೋದರೂ ಓಡಿದ ದೂರ ಸೊನ್ನೆಯೆಂದು ಕಂಡುಬಂದಿತು. ವಿಚಾರಿಸಿದರೆ, ಜನರು ಕಾರಿನಲ್ಲಿ ಕುಳಿತು ಊಟಮಾಡುವುದು, ನಿದ್ದೆ ತೆಗೆಯುವುದು, ಫೋನಿಗೆ ವಿದ್ಯುತ್ತು ತುಂಬಿಕೊಳ್ಳುವುದು ಮುಂತಾದುವನ್ನು ಮಾಡುತ್ತಿದ್ದರೆಂದು ೨೦೧೯ರಲ್ಲಿ ಪತ್ರಿಕೆಗಳು ವರದಿಮಾಡಿದವು.

ಸಾಧನವು ಸರಿಯಾಗಿದ್ದ ಮಾತ್ರಕ್ಕೆ ಸಂಸ್ಥೆಯು ಬಾಳುವುದೆಂದೂ ಹೇಳಲಾಗದು. ಪ್ಯಾರಿಸಿನಲ್ಲಿ ೨೦೧೧ರಲ್ಲಿ ಆರಂಭವಾದ ಓಟೋಲಿಬ್ ಸುಮಾರು ನಾಲ್ಕು ಸಾವಿರ ವಿದ್ಯುತ್ ಕಾರುಗಳನ್ನು ಓಡಿಸಿದರೂ ನಷ್ಟದ ಹೊರೆಯಿಂದ ೨೦೧೮ರಲ್ಲಿ ಮುಚ್ಚಿತು. ಕಾರ್‌ಟುಗೋ ತನ್ನ ಪ್ರತಿಸ್ಪರ್ಧಿಯೊಡನೆ ಸೇರಿಕೊಂಡು ಬೇರೆ ಹೆಸರು ತಳೆದರೂ ೨೦೨೦ರ ಫೆಬ್ರವರಿಯಲ್ಲಿ ಉತ್ತರ ಅಮೆರಿಕವನ್ನು ಬಿಟ್ಟುಹೋಯಿತು. ಬೆಳಗ್ಗೆ ಎಲ್ಲರೂ ಒಂದೇ ಕಡೆಗೆ ಹೋಗುವುದರಿಂದ ಕಾರುಗಳೆಲ್ಲ ಅಲ್ಲಿಯೇ ಗುಂಪುಗೂಡುತ್ತವೆ. ಅವುಗಳನ್ನು ಮತ್ತೆ ಚದರಿಸಲು ಆಳುಗಳು ಬೇಕು. ವಿಟ್‌ಕಾರನ್ನು ಕಾಡಿದ ಈ ತೊಡಕು ಇನ್ನೂ ಬಿಟ್ಟುಹೋಗಿಲ್ಲ.

ನೆನಪಿಡುವ ಕಾರು

ಈಗ ಎಲ್ಲಕ್ಕಿಂತ ದೊಡ್ಡ ಚಿಂತೆಗೆ ಬರೋಣ. ಕಾರು ಎಲ್ಲಿದೆಯೆಂದು ತಿಳಿಸುವ ಸಾಧನವು ಅದರಲ್ಲಿರುವ ಮನುಷ್ಯನು ಎಲ್ಲಿದ್ದಾನೆಂಬುದನ್ನೂ ತಿಳಿಸುತ್ತದೆ. ಸ್ವಂತ ಕಾರಿನಲ್ಲಿ ಆಸ್ಪತ್ರೆಗೋ, ಗೆಳೆಯನ ಮನೆಗೋ, ಸಭೆಗೋ ಹೋದರೆ ನೋಡಿದವರಿಗೆ ಮಾತ್ರ ಗೊತ್ತು. ಹಂಚಿಕೆಯ ಕಾರಿನಲ್ಲಿ ಹೋದರೆ ಹೊರಟ ಕ್ಷಣವೂ, ಹಿಡಿದ ದಾರಿಯೂ, ನಿಂತ ಬಾಗಿಲೂ ಕೇಂದ್ರದ ಕಡತವನ್ನು ಸೇರಬಹುದು.

ಜರ್ಮನಿಯ ಕಲೋನ್ ನಗರದಲ್ಲಿ ೨೦೧೫ರಲ್ಲಿ ಹಂಚಿಕೆಯ ಕಾರೊಂದು ಬಡಿದು ಸೈಕಲ್ ಸವಾರನೊಬ್ಬನು ಸತ್ತನು. ನ್ಯಾಯಾಲಯದ ಕೋರಿಕೆಯಂತೆ ಕಾರು ತಯಾರಿಸಿದ ಸಂಸ್ಥೆಯು ಕಾರು ಹಿಡಿದ ದಾರಿಯನ್ನೂ ಅದರ ವೇಗವನ್ನೂ ತಿಳಿಸುವ ದಾಖಲೆಗಳನ್ನು ಒದಗಿಸಿತು. ಮರುವರ್ಷ ಚಾಲಕನಿಗೆ ಶಿಕ್ಷೆಯಾಯಿತು. ತಪ್ಪಿತಸ್ಥನು ಸಿಕ್ಕಿಬಿದ್ದುದು ಸರಿಯೇ. ಆದರೆ ಆ ದೇಶದಲ್ಲಿ ಒಡನೆಯೇ ಮತ್ತೊಂದು ಚರ್ಚೆ ಎದ್ದಿತು: ಇಷ್ಟು ವಿವರವಾದ ದಾಖಲೆ ಇಡಲಾಗುತ್ತಿದೆಯೆಂದು ಸವಾರರಿಗೆ ಗೊತ್ತಿತ್ತೇ? ತಪ್ಪುಮಾಡದವರ ದಾಖಲೆಯ ಗತಿಯೇನು?

ಹೆಸರನ್ನು ತೆಗೆದುಹಾಕಿದರೆ ಆಯಿತಲ್ಲ ಎಂದು ಕೆಲವರು ಹೇಳಬಹುದು. ಈ ಸಮಾಧಾನ ಎಷ್ಟು ಗಟ್ಟಿಯೆಂಬುದನ್ನು ಇವ್-ಅಲೆಕ್ಸಾಂದ್ರ್ ದ ಮೋಂಜ್ವಾ ಎಂಬ ವಿಜ್ಞಾನಿಯೂ ಸಂಗಡಿಗರೂ ೨೦೧೩ರಲ್ಲಿ ಪರೀಕ್ಷಿಸಿದರು. ಹದಿನೈದು ಲಕ್ಷ ಜನರ ಫೋನುಗಳು ಹದಿನೈದು ತಿಂಗಳ ಕಾಲ ಎಲ್ಲೆಲ್ಲಿ ಇದ್ದವೆಂಬ, ಹೆಸರಿಲ್ಲದ ದಾಖಲೆಯನ್ನು ಅವರು ತೆಗೆದುಕೊಂಡರು. ಒಬ್ಬನು ಇಂಥ ಗಂಟೆಯಲ್ಲಿ ಇಂಥ ಕಡೆ ಇದ್ದನೆಂಬ ನಾಲ್ಕೇ ನಾಲ್ಕು ಸಂಗತಿಗಳು ತಿಳಿದಿದ್ದರೆ, ನೂರರಲ್ಲಿ ೯೫ ಮಂದಿಯನ್ನು ಆ ಗುಂಪಿನೊಳಗಿಂದ ಬೇರೆಯಾಗಿ ಗುರುತಿಸಬಹುದೆಂದು ಕಂಡುಬಂದಿತು. ನಮ್ಮ ಓಡಾಟವು ಬೆರಳಿನ ಗುರುತಿನಷ್ಟೇ ನಮ್ಮದಾದುದು. ಹೆಸರನ್ನು ಅಳಿಸಬಹುದು, ಹೆಜ್ಜೆಯನ್ನು ಅಳಿಸುವುದು ಸುಲಭವಲ್ಲ.

ಆದುದರಿಂದಲೇ ನ್ಯಾಯಾಲಯಗಳೂ ಶಾಸನಸಭೆಗಳೂ ಈ ವಿಷಯಕ್ಕೆ ಬರಬೇಕಾಯಿತು. ಶಂಕಿತನ ಕಾರಿಗೆ ಪೊಲೀಸರು ನೆಲೆಸೂಚಕವನ್ನು ಅಂಟಿಸಿ ೨೮ ದಿನ ಅವನ ಓಡಾಟವನ್ನು ಗಮನಿಸಿದುದು ಕಾನೂನಿನ ಅರ್ಥದಲ್ಲಿ ಶೋಧನೆಯೇ ಆಗುತ್ತದೆಂದು ಅಮೆರಿಕದ ಪರಮೋಚ್ಚ ನ್ಯಾಯಾಲಯವು ೨೦೧೨ರಲ್ಲಿ ತೀರ್ಮಾನಿಸಿತು. ನಮ್ಮ ದೇಶದಲ್ಲಿ ಇಂಥ ಚರ್ಚೆಗೆ ತಳಹದಿ ದೊರೆತುದು ಬೆಂಗಳೂರಿನವರಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ೨೦೧೭ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ೨೦೨೩ರಲ್ಲಿ ಸಂಸತ್ತು ವ್ಯಕ್ತಿಗಳ ವಿವರಗಳನ್ನು ರಕ್ಷಿಸುವ ಕಾಯಿದೆಯನ್ನು ಅಂಗೀಕರಿಸಿತು. ಯಾವ ಉದ್ದೇಶಕ್ಕಾಗಿ ವಿವರವನ್ನು ಪಡೆದರೋ ಆ ಉದ್ದೇಶ ತೀರಿದ ಮೇಲೆ ಅದನ್ನು ಅಳಿಸಬೇಕೆಂಬುದು ಅದರ ಮುಖ್ಯ ತತ್ತ್ವಗಳಲ್ಲೊಂದು.

ಈ ತತ್ತ್ವವನ್ನು ಯಂತ್ರದಲ್ಲಿಯೇ ಅಳವಡಿಸುವುದು ಅಸಾಧ್ಯವೇನಲ್ಲ. ಬಾಡಿಗೆಯ ಲೆಕ್ಕಕ್ಕೆ ಕಾಲವೂ ದೂರವೂ ಸಾಕು. ಹಿಡಿದ ದಾರಿಯ ಪ್ರತಿ ತಿರುವೂ ಬೇಕಿಲ್ಲ. ಮುಂದಿನ ಸವಾರನಿಗೆ ಕಾರು ನಿಂತ ಎಡೆ ತಿಳಿದರೆ ಸಾಕು. ಹಿಂದಿನವನು ನಡುವೆ ಎಲ್ಲಿ ಇಳಿದನೆಂಬುದು ಬೇಡ. ಓಡುತ್ತಿರುವಾಗ ಸುಮ್ಮನಿದ್ದು ನಿಂತಾಗ ಮಾತ್ರ ನೆಲೆಯನ್ನು ತಿಳಿಸುವ ಪೆಟ್ಟಿಗೆಯನ್ನೂ, ಕಳುವಾದಾಗ ಮಾತ್ರ ಬಾಯಿ ತೆರೆಯುವ ಪೆಟ್ಟಿಗೆಯನ್ನೂ ಮಾಡಬಹುದು. ಎಷ್ಟನ್ನು ತಿಳಿಯಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದನ್ನು ಗೊತ್ತುಮಾಡುವುದು ಉಪಗ್ರಹವಲ್ಲ, ಪೆಟ್ಟಿಗೆಯನ್ನು ರಚಿಸುವ ಎಂಜಿನಿಯರನು ಮತ್ತು ಅವನಿಗೆ ಎಲ್ಲೆಯನ್ನು ಹಾಕಿಕೊಡುವ ಕಾನೂನು.

ಜ್ಯೂರಿಕ್ಕಿನ ಸಂಘದ ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಆ ಪರಿಚಯವೇ ಅವರ ಬೀಗ, ಅದೇ ಅವರ ಕಾವಲು. ಇಂದಿನ ಸವಾರರ ನಡುವೆ ಆ ಪರಿಚಯದ ಸ್ಥಾನವನ್ನು ಪರಮಾಣು ಗಡಿಯಾರಗಳೂ ರೇಡಿಯೋ ತರಂಗಗಳೂ ತುಂಬಿವೆ. ಹತ್ತು ಕಾರುಗಳು ನಿಲ್ಲುವಲ್ಲಿ ಒಂದು ನಿಂತರೆ ಉಳಿದ ಜಾಗದಲ್ಲಿ ಮಕ್ಕಳು ಆಡಬಹುದು, ಮರಗಳು ಬೆಳೆಯಬಹುದು; ಲಾಭ ಕಡಮೆಯದಲ್ಲ. ಅದಕ್ಕೆ ತೆರುವ ಬೆಲೆಯನ್ನು ಅರಿತು ತೆರಬೇಕು. ಇನ್ನು ಕೆಲವು ವರ್ಷಗಳಲ್ಲಿ ಇಂಥ ಪೆಟ್ಟಿಗೆಗಳನ್ನು ರಚಿಸುವವರೂ, ಅವುಗಳಿಗೆ ನಿಯಮ ಹಾಕುವವರೂ ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿಯೇ ಇರುತ್ತಾರೆ. ಕಾರನ್ನು ಕಂಡುಹಿಡಿಯುವುದನ್ನು ವಿಜ್ಞಾನವು ಚೆನ್ನಾಗಿ ಕಲಿಸಿದೆ. ಬೇಡದುದನ್ನು ಮರೆಯುವಂತೆ ಅದಕ್ಕೆ ಕಲಿಸುವ ಕೆಲಸ ಅವರಿಗಾಗಿ ಉಳಿದಿದೆ.